ಪ್ಯಾಡಲ್ ಬೋರ್ಡಿನ ಮೇಲೆ ನಾಯಿ ನಿಲ್ಲದಿದ್ದರೆ: ಲಕ್ಷಣ ಹಿಡಿದು ಕಾರಣ ಹುಡುಕುವ ಕೈಪಿಡಿ

ಪ್ಯಾಡಲ್ ಬೋರ್ಡ್ ಎಂದರೆ ಮೇಲೆ ನಿಂತು ಹುಟ್ಟು ಹಾಕುತ್ತ ಸಾಗುವ, ಹೆಚ್ಚಾಗಿ ಗಾಳಿ ತುಂಬಿ ಬಳಸುವ ತೇಲುಹಲಗೆ. ಅದರಿಂದ ನಾಯಿ ನೀರಿಗೆ ಹಾರಿದರೆ ಅದು ಮಾತು ಕೇಳುತ್ತಿಲ್ಲವೆಂದು ತಿಳಿದು, ಮತ್ತೆ ಎತ್ತಿ ಕೂರಿಸಿ ಗದರಿಸುವವರೇ ಹೆಚ್ಚು. ನನ್ನ ಅನುಭವದಲ್ಲಿ ತೊಂದರೆ ನಾಯಿಯ ಸ್ವಭಾವದಲ್ಲಿ ಇರುವುದು ಅಪರೂಪ. ಬೋರ್ಡಿನಲ್ಲಿ ಗಾಳಿ ಕಡಿಮೆಯಿರುತ್ತದೆ, ಪಂಜ ಊರಿದ ಜಾಗ ಜಾರುತ್ತಿರುತ್ತದೆ, ಇಲ್ಲವೇ ಮೇಲೆ ನಿಂತ ಮನುಷ್ಯನ ಕಾಲುಗಳೇ ನಡುಗುತ್ತಿರುತ್ತವೆ. ನಾಯಿ ಅದನ್ನು ನಮಗಿಂತ ಮೊದಲೇ ಅರಿತು ಇಳಿದುಹೋಗುತ್ತದೆ. ಆದ್ದರಿಂದ ಇಲ್ಲಿ ಸಾಧ್ಯವಾದಲ್ಲೆಲ್ಲ ಮೊದಲು ಬೋರ್ಡ್, ಆಮೇಲೆ ಸವಾರ, ಕೊನೆಗೆ ನಾಯಿ ಎಂಬ ಕ್ರಮದಲ್ಲಿ ಕಾರಣ ಹುಡುಕಿದ್ದೇನೆ. ಹೀಗೆ ಮಾಡಿದರೆ ಖರ್ಚಿಲ್ಲದೆ ಐದು ನಿಮಿಷದಲ್ಲಿ ಮುಗಿಯುವ ತಪಾಸಣೆಗಳು ಮೊದಲು ಬರುತ್ತವೆ. ವಾರಗಟ್ಟಲೆ ತಾಳ್ಮೆ ಬೇಡುವ ತರಬೇತಿ ನಿಜವಾಗಿ ಬೇಕಾದಾಗ ಮಾತ್ರ ಬರುತ್ತದೆ.

ಯಾವ ಪರೀಕ್ಷೆಗೂ ಮುನ್ನ

ನಾಯಿಗೆ ಬೆನ್ನ ಮೇಲೆ ಹಿಡಿಕೆಯಿರುವ ಲೈಫ್ ಜಾಕೆಟ್ ಇರಬೇಕು, ನಿಮಗೂ ಒಂದು ಇರಬೇಕು. ಚೆನ್ನಾಗಿ ಈಜುವ ನಾಯಿಯೂ ದಣಿಯುತ್ತದೆ, ಮತ್ತು ನೀರಿನಿಂದ ಅದನ್ನು ಎತ್ತಲು ನಿಮಗೆ ಸಿಗುವ ಏಕೈಕ ಗಟ್ಟಿ ಆಸರೆ ಆ ಹಿಡಿಕೆಯೇ. ಪಟ್ಟಿಯ ಕೆಳಗೆ ಎರಡು ಬೆರಳು ತೂರುವಷ್ಟು ಸಡಿಲ ಸಾಕು. ಹಿಡಿಕೆ ಹಿಡಿದು ಎತ್ತಿದಾಗ ಜಾಕೆಟ್ ತಲೆಯತ್ತ ಸರಿಯಬಾರದು. ಪಗ್, ಬುಲ್‌ಡಾಗ್, ಡ್ಯಾಶ್‌ಹುಂಡ್‌ಗಳಂತಹ ಮೋಟು ಮೂತಿಯ ಅಥವಾ ಗಿಡ್ಡ ಕಾಲಿನ ನಾಯಿಗಳು ಈಜುವುದರಲ್ಲಿ ಹಿಂದೆ ಬೀಳುವುದರಿಂದ, ಅವು ಮೊಣಕಾಲುದ್ದದ ನೀರಿನಲ್ಲಿದ್ದರೂ ಜಾಕೆಟ್ ಬಿಚ್ಚಬಾರದು.

ನಾಯಿಯನ್ನು ಬೋರ್ಡಿಗಾಗಲಿ ನಿಮಗಾಗಲಿ ಎಂದೂ ಕಟ್ಟಬೇಡಿ. ಬೋರ್ಡ್ ಮಗುಚಿದರೆ ಆ ಹಗ್ಗ ಅದರ ಕಾಲಿಗೋ ಕತ್ತಿಗೋ ಸುತ್ತಿಕೊಳ್ಳುತ್ತದೆ. ಇದೊಂದು ವಿಷಯದಲ್ಲಿ ವಿನಾಯಿತಿ ಕೊಡಲು ನನಗೆ ಮನಸ್ಸಿಲ್ಲ. ನಿಮ್ಮನ್ನು ಬೋರ್ಡಿಗೆ ಜೋಡಿಸುವ ಹಗ್ಗದ ಮಾತು ಬೇರೆ: ನಿಂತ ನೀರಿನಲ್ಲಿ ಅದು ಅಗತ್ಯ, ಏಕೆಂದರೆ ನೀವು ಬಿದ್ದ ಕ್ಷಣದಲ್ಲಿ ಬೋರ್ಡ್ ಗಾಳಿಗೆ ತೇಲಿಹೋದರೆ ನಿಮಗೂ ನಾಯಿಗೂ ಆಸರೆ ಇರುವುದಿಲ್ಲ. ಹರಿಯುವ ನೀರಿನಲ್ಲಿ ಕಾಲಿಗೆ ಕಟ್ಟಿದ ಹಗ್ಗ ಕೊಂಬೆಗೆ ಸಿಕ್ಕಿಕೊಳ್ಳಬಹುದಾದ್ದರಿಂದ, ಎಳೆದೊಡನೆ ಬಿಚ್ಚಿಕೊಳ್ಳುವ ಸೊಂಟದ ಪಟ್ಟಿ ಬೇಕು. ಹೊಸ ನಾಯಿಯನ್ನು ಹರಿವಿಗೆ ಒಯ್ಯುವುದು ಹೇಗಿದ್ದರೂ ಸರಿಯಲ್ಲ. ದಡದಿಂದ ಒಳನೀರಿನ ಕಡೆಗೆ ಗಾಳಿ ಬೀಸುತ್ತಿದ್ದರೆ ಆ ದಿನ ಇಳಿಯಬೇಡಿ. ಹೋಗುವಾಗ ಹಗುರವೆನಿಸುವ ಆ ಗಾಳಿಯೇ ಮರಳುವಾಗ ಎದುರಾಗುತ್ತದೆ.

ಲಕ್ಷಣ: ನೆಲದ ಮೇಲೆ ಇಟ್ಟ ಬೋರ್ಡನ್ನೂ ನಾಯಿ ಹತ್ತುವುದಿಲ್ಲ

ಮೊದಲು ಬೋರ್ಡನ್ನು ಮುಟ್ಟಿ ನೋಡಿ. ಗಾಢ ಬಣ್ಣದ ಫೋಮ್ ಹಾಸು ಬಿಸಿಲಿನಲ್ಲಿ ಬೇಗ ಕಾಯುತ್ತದೆ. ಅಂಗೈಯ ಹಿಂಬದಿಯನ್ನು ಅದರ ಮೇಲೆ 7 ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಂಜಕ್ಕೂ ಅದು ಸುಡುವಷ್ಟೇ ಬಿಸಿ. ನೀರು ಸುರಿದು ತಣಿಸಿ ಮತ್ತೆ ಕರೆಯಿರಿ. ಹೊಸ ಬೋರ್ಡಿಗೆ ರಬ್ಬರ್ ಮತ್ತು ಅಂಟಿನ ಘಾಟು ಇದ್ದರೆ ಒಂದೆರಡು ದಿನ ನೆರಳಿನಲ್ಲಿ ಗಾಳಿಗಿಡಿ. ಪಂಪಿನ ಸದ್ದು ಇನ್ನೊಂದು ಕಾರಣ: ನಾಯಿಯ ಎದುರಿಗೇ ಗಾಳಿ ತುಂಬಿ, ವಾಲ್ವ್ ಬಿಡಿಸಿದಾಗ ಬುಸ್ಸೆಂದು ಸದ್ದಾದರೆ, ಆ ಹೆದರಿಕೆ ಬೋರ್ಡಿಗೇ ಅಂಟಿಕೊಳ್ಳುತ್ತದೆ. ಪಂಪ್ ಮಾಡುವ ಹೊತ್ತಿಗೆ ನಾಯಿ ದೂರವಿರಲಿ.

ಇವೆಲ್ಲ ಸರಿಯಿದ್ದೂ ಹತ್ತದಿದ್ದರೆ ಅದಕ್ಕೆ ಬೋರ್ಡ್ ಅಪರಿಚಿತ, ಅಷ್ಟೇ. ಬೋರ್ಡಿನ ಅಡಿಯಲ್ಲಿ ರೆಕ್ಕೆಯಂತೆ ಚಾಚಿರುವ ಫಿನ್ ಕಳಚಿ, ಬೋರ್ಡನ್ನು ಹುಲ್ಲಿನ ಮೇಲೆ ಹಾಸಿ, ದಿನದ ಊಟದ ಒಂದು ಪಾಲನ್ನು ಅದರ ಮೇಲೆಯೇ ಹಾಕಿ. ಮುಂಗಾಲು ಇಟ್ಟರೆ ಮೆಚ್ಚುಗೆ, ನಾಲ್ಕೂ ಕಾಲು ಇಟ್ಟರೆ ಇನ್ನಷ್ಟು ತಿನಿಸು. ಎತ್ತಿ ಕೂರಿಸುವುದು, ಕೊರಳಪಟ್ಟಿ ಹಿಡಿದು ಎಳೆಯುವುದು ಎರಡೂ ಬೇಡ. ತಾನಾಗಿ ಹತ್ತಿದ ನಾಯಿಗೆ ಇಳಿಯುವ ಸ್ವಾತಂತ್ರ್ಯವೂ ಇದೆಯೆಂದು ಗೊತ್ತಿರುವುದರಿಂದಲೇ ಅದು ನೆಮ್ಮದಿಯಾಗಿ ನಿಲ್ಲುತ್ತದೆ. ಈ ಹಂತದಲ್ಲೇ ಎರಡು ಪದಗಳನ್ನು ಕಲಿಸಿ. ಹತ್ತಿ ಮಲಗಲು ಒಂದು, ಇಳಿಯಲು ಅನುಮತಿ ಕೊಡುವ ಇನ್ನೊಂದು. ಇಳಿಯುವ ಪದ ಕಲಿಯದ ನಾಯಿ ಯಾವಾಗ ಇಳಿಯಬೇಕೆಂಬುದನ್ನು ತಾನೇ ತೀರ್ಮಾನಿಸುತ್ತದೆ, ಮತ್ತು ಮುಂದೆ ಬರುವ ಅರ್ಧದಷ್ಟು ತೊಂದರೆಗಳ ಬೇರು ಅಲ್ಲಿದೆ.

ಲಕ್ಷಣ: ನೆಲದಲ್ಲಿ ಸರಿ, ನೀರಿನಲ್ಲಿ ಕಾಲು ಅಗಲಿಸಿ ನಡುಗುತ್ತದೆ

ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ ಆದ್ದರಿಂದ ಇದನ್ನು ವಿವರವಾಗಿ ಹೇಳಬೇಕು. ನಾಯಿ ನಾಲ್ಕೂ ಕಾಲನ್ನು ಅಗಲಿಸಿ, ಹೊಟ್ಟೆ ತಗ್ಗಿಸಿ, ಉಗುರು ಊರಿ ನಿಂತಿದ್ದರೆ ಅದಕ್ಕೆ ಕಾಲಡಿಯ ನೆಲದ ಮೇಲೆ ನಂಬಿಕೆಯಿಲ್ಲ ಎಂದರ್ಥ.

ಮೊದಲ ತಪಾಸಣೆ ಗಾಳಿಯ ಒತ್ತಡ. ಗಾಳಿ ತುಂಬುವ ಬೋರ್ಡುಗಳಿಗೆ ಸಾಮಾನ್ಯವಾಗಿ 12ರಿಂದ 15 ಪಿ.ಎಸ್.ಐ. (ಚದರ ಅಂಗುಲಕ್ಕೆ ಪೌಂಡ್) ಒತ್ತಡ ಬೇಕು, ನಿಮ್ಮ ಬೋರ್ಡಿನ ನಿಖರ ಮಿತಿ ವಾಲ್ವಿನ ಬಳಿ ಬರೆದಿರುತ್ತದೆ. ಕೈಪಂಪುಗಳ ಮುಳ್ಳು ಆರಂಭದಲ್ಲಿ ಬಹಳ ಹೊತ್ತು ಸೊನ್ನೆಯಲ್ಲೇ ನಿಲ್ಲುವುದುಂಟು. ಒತ್ತಲು ಕಷ್ಟವಾಗತೊಡಗಿದಾಗ ಬೋರ್ಡ್ ಕೈಗೆ ಗಟ್ಟಿಯೆನಿಸುವುದರಿಂದ ಅನೇಕರು ಅಲ್ಲಿಗೇ ನಿಲ್ಲಿಸುತ್ತಾರೆ. ಕೈಗೆ ಗಟ್ಟಿಯಾದ ಬೋರ್ಡ್ ಮನುಷ್ಯ ಮತ್ತು ನಾಯಿ ಇಬ್ಬರ ಭಾರಕ್ಕೆ ಗಟ್ಟಿಯಾಗಿರಬೇಕೆಂದಿಲ್ಲ. ನೀವು ಮಧ್ಯದಲ್ಲಿ ಮಂಡಿಯೂರಿ ಕುಳಿತಾಗ ದಡದಲ್ಲಿರುವವರೊಬ್ಬರು ಪಕ್ಕದಿಂದ ನೋಡಲಿ: ನಡು ಕುಸಿದು ಎರಡೂ ತುದಿ ಬಾಳೆಹಣ್ಣಿನಂತೆ ಮೇಲೆದ್ದಿದ್ದರೆ ಗಾಳಿ ಸಾಲದು. ಬಿಸಿಲಿನಲ್ಲಿ ತುಂಬಿದ ಗಾಳಿ ತಣ್ಣೀರಿಗೆ ಇಳಿದೊಡನೆ ಕುಗ್ಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಪಿ.ಎಸ್.ಐ. ತೋರಿಸಿದ ಬೋರ್ಡ್ 20 ಡಿಗ್ರಿಗೆ ತಣಿದಾಗ ಸುಮಾರು 2 ಪಿ.ಎಸ್.ಐ. ಕಳೆದುಕೊಳ್ಳುತ್ತದೆ. ಹೀಗಾಗಿ ಬೋರ್ಡನ್ನು ನೀರಿನಲ್ಲಿ ಹತ್ತು ನಿಮಿಷ ಬಿಟ್ಟು ಒತ್ತಡವನ್ನು ಮತ್ತೊಮ್ಮೆ ನೋಡುವುದು ಒಳ್ಳೆಯದು. ದಿನದಿಂದ ದಿನಕ್ಕೆ ಗಾಳಿ ಇಳಿಯುತ್ತಿದ್ದರೆ ವಾಲ್ವಿನ ಸುತ್ತ ಮತ್ತು ಅಂಚಿನ ಜೋಡಣೆಯ ಮೇಲೆ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುವ ಜಾಗ ಹುಡುಕಿ. ವಾಲ್ವಿನಲ್ಲಾದರೆ ಅದರ ಕೀಲಿಯಿಂದ ಬಿಗಿಗೊಳಿಸಿದರೆ ಬಹುಪಾಲು ಸರಿಹೋಗುತ್ತದೆ. ಅಂಚಿನ ಜೋಡಣೆಯೇ ಬಿಟ್ಟಿದ್ದರೆ ರಿಪೇರಿಯಾಗುವ ತನಕ ಆ ಬೋರ್ಡನ್ನು ಬಳಸಬೇಡಿ.

ಎರಡನೆಯದು ಹಿಡಿತ. ಹಲವು ಬೋರ್ಡುಗಳಲ್ಲಿ ಫೋಮ್ ಹಾಸು ಸವಾರ ನಿಲ್ಲುವ ಭಾಗಕ್ಕೆ ಮಾತ್ರ ಇರುತ್ತದೆ. ನಾಯಿ ಕೂರುವ ಮುಂಭಾಗ ಬರೀ ನುಣುಪು ಪ್ಲಾಸ್ಟಿಕ್. ಒದ್ದೆಯಾದಾಗ ಅದರ ಮೇಲೆ ಪಂಜ ನಿಲ್ಲುವುದಿಲ್ಲ. ನೀವೇ ಅಲ್ಲಿ ಒದ್ದೆ ಅಂಗಾಲು ಊರಿ ತಳ್ಳಿ ನೋಡಿದರೆ ತಿಳಿಯುತ್ತದೆ. ಸ್ನಾನದ ಮನೆಯಲ್ಲಿ ಹಾಸುವ ರಬ್ಬರ್ ಮ್ಯಾಟ್ ಅಥವಾ ಹಳೆಯ ಯೋಗ ಮ್ಯಾಟಿನ ತುಂಡನ್ನು ತಾತ್ಕಾಲಿಕವಾಗಿ ಹಾಸಿ, ಅದು ಸರಿಯದಂತೆ ಮುಂಭಾಗದ ರಬ್ಬರ್ ಹಗ್ಗಗಳ ಕೆಳಗೆ ಸಿಗಿಸಿ. ನಾಯಿ ಅಲ್ಲಿ ನೆಮ್ಮದಿಯಾಗಿ ನಿಂತರೆ ಕಾರಣ ಸಿಕ್ಕಿತು. ಅಂಟಿಸುವ ಫೋಮ್ ಹಾಸನ್ನು ಆಮೇಲೆ ಕೊಳ್ಳಬಹುದು. ನಾಯಿಯ ಉಗುರು ಬೋರ್ಡನ್ನು ತೂತುಮಾಡುವುದೆಂಬ ಆತಂಕ ಅನೇಕರಲ್ಲಿದೆ. ಒಳ್ಳೆಯ ಗಾಳಿ ಬೋರ್ಡಿನ ಹೊದಿಕೆ ಅಷ್ಟು ಸುಲಭವಾಗಿ ಹರಿಯುವುದಿಲ್ಲ, ಆದರೆ ಫೋಮ್ ಹಾಸು ಗೀರುಬಿದ್ದು ಕಿತ್ತುಬರುತ್ತದೆ. ಉಗುರು ಕತ್ತರಿಸಿಡಬೇಕಾದ ಮುಖ್ಯ ಕಾರಣ ಬೇರೆಯೇ ಇದೆ: ಉದ್ದುಗುರಿನ ನಾಯಿಗೆ ಪಂಜದ ಮೆತ್ತೆ ಪೂರ್ತಿ ಊರಲಾಗದೆ ಹಿಡಿತ ತಪ್ಪುತ್ತದೆ.

ಮೂರನೆಯದು ಗಾತ್ರ. 10ರಿಂದ 12 ಅಡಿ ಉದ್ದದ, 32 ಅಂಗುಲ ಅಥವಾ ಅದಕ್ಕಿಂತ ಅಗಲವಾದ ಬೋರ್ಡ್ ಮಧ್ಯಮ ಗಾತ್ರದ ನಾಯಿಯೊಡನೆ ಸ್ಥಿರವಾಗಿ ತೇಲುತ್ತದೆ. ನಿಮ್ಮ ತೂಕ, ನಾಯಿಯ ತೂಕ, ಸಾಮಾನಿನ ತೂಕ ಮೂರನ್ನೂ ಕೂಡಿದ ಮೊತ್ತ ಬೋರ್ಡಿನ ಮಿತಿಗಿಂತ ಸಾಕಷ್ಟು ಕಡಿಮೆಯಿರಬೇಕು. ನಿಂತ ನೀರಿನಲ್ಲೂ ಅಂಚು ಮುಳುಗಿ ಹಾಸಿನ ಮೇಲೆ ನೀರು ಹರಿದರೆ ಭಾರ ಹೆಚ್ಚಾಗಿದೆ. ಇದಕ್ಕೆ ತರಬೇತಿಯಲ್ಲಿ ಪರಿಹಾರವಿಲ್ಲ, ದೊಡ್ಡ ಬೋರ್ಡೇ ಬೇಕು.

ಈ ಮೂರೂ ಸರಿಯಿದ್ದ ಮೇಲೆ ನಾಯಿಗೆ ಅಲುಗಾಟವನ್ನು ಕಲಿಸಬೇಕು. ನೆಲದ ಮೇಲೆ ಬೋರ್ಡಿನ ಅಡಿಗೆ ಸುತ್ತಿದ ಟವೆಲ್ ಇಟ್ಟು, ನಾಯಿ ಮೇಲಿರುವಾಗ ಕೈಯಿಂದ ತುಸುವೇ ತೂಗಿಸಿ ತಿನಿಸು ಕೊಡಿ. ಆಮೇಲೆ ಮೊಣಕಾಲಿಗಿಂತ ತುಸು ಹೆಚ್ಚು ಆಳದ ನೀರಿನಲ್ಲಿ ಬೋರ್ಡ್ ತೇಲಬಿಟ್ಟು, ನೀವು ಪಕ್ಕದಲ್ಲಿ ನಿಂತು ಅದನ್ನು ಹಿಡಿದುಕೊಳ್ಳಿ. ಅದಕ್ಕಿಂತ ಕಡಿಮೆ ಆಳದಲ್ಲಿ ಫಿನ್ ತಳಕ್ಕೆ ತಾಗಿ ಬೋರ್ಡ್ ಗಕ್ಕನೆ ನಿಲ್ಲುತ್ತದೆ, ನಾಯಿ ಮುಂದಕ್ಕೆ ಎಸೆಯಲ್ಪಡುತ್ತದೆ. ಒಮ್ಮೆ ಹಾಗಾದರೆ ಮತ್ತೆ ನಂಬಿಕೆ ಗಳಿಸಲು ದಿನಗಳೇ ಬೇಕು. ಒಂದು ಸಲಕ್ಕೆ ಐದು ನಿಮಿಷ ಸಾಕು.

ಲಕ್ಷಣ: ನಾನು ಕುಳಿತಿರುವಾಗ ಶಾಂತ, ಎದ್ದು ನಿಂತೊಡನೆ ಹಾರುತ್ತದೆ

ಇಲ್ಲಿ ದೋಷವಿರುವುದು ಸವಾರನಲ್ಲಿ. ನಿಂತಾಗ ನಮ್ಮ ಭಾರದ ಕೇಂದ್ರ ಮೇಲೇರುತ್ತದೆ, ಸಮತೋಲನಕ್ಕಾಗಿ ಕಣಕಾಲುಗಳು ಮಾಡುವ ಸಣ್ಣ ಸಣ್ಣ ತಿದ್ದುಪಡಿಗಳು ನಡುಕವಾಗಿ ಬೋರ್ಡಿನುದ್ದಕ್ಕೂ ಹರಡುತ್ತವೆ. ನಾಯಿ ಆ ನಡುಕವನ್ನು ಪಂಜದಲ್ಲೇ ಓದುತ್ತದೆ. ನಾಯಿಯನ್ನು ದಡದಲ್ಲಿ ಬಿಟ್ಟು ಒಬ್ಬರೇ ಹೋಗಿ, ನಿಂತು, ತಿರುಗಿಸಿ, ಮಂಡಿಯೂರಿ, ಮತ್ತೆ ಎದ್ದು ನಿಲ್ಲಿ. ಇಪ್ಪತ್ತು ನಿಮಿಷ ಬೀಳದೆ ಇರಲಾಗದಿದ್ದರೆ ನಾಯಿಯನ್ನು ಕರೆದೊಯ್ಯುವ ಕಾಲ ಇನ್ನೂ ಬಂದಿಲ್ಲ. ನಾನು ಇದನ್ನು ತಡವಾಗಿ ಕಲಿತೆ. ಮೊದಲ ಬೇಸಿಗೆಯಿಡೀ ನನ್ನ ನಾಯಿಯನ್ನು ಅಂಜುಬುರುಕಿ ಎಂದುಕೊಂಡಿದ್ದೆ; ಮರುವರ್ಷ ನನ್ನ ಕಾಲು ಪಳಗಿದ ಮೇಲೆ ಅದೇ ನಾಯಿ ಬೋರ್ಡಿನ ಮೇಲೆ ನಿದ್ದೆ ಹೋಯಿತು.

ನಿಮ್ಮ ಸಮತೋಲನ ಸರಿಯಿದ್ದೂ ಹಾರುತ್ತಿದ್ದರೆ, ಏಳುವ ಕ್ರಿಯೆಯೇ ಅದನ್ನು ಬೆಚ್ಚಿಸುತ್ತಿರಬಹುದು. ಒಂದು ಪಾದ ಊರಿ, ತಿನಿಸು ಕೊಟ್ಟು ಮತ್ತೆ ಕುಳಿತುಕೊಳ್ಳಿ. ಅದು ಸಹಜವಾದ ಮೇಲೆ ಎರಡೂ ಪಾದ ಊರಿ. ಮಂಡಿಯೂರಿ ಹುಟ್ಟು ಹಾಕುವುದರಲ್ಲೇ ಕೆಲವು ವಾರ ಕಳೆದರೆ ನಷ್ಟವೇನೂ ಇಲ್ಲ. ಬೀಳುವುದು ಖಚಿತವೆನಿಸಿದಾಗ ಬೋರ್ಡಿನಿಂದ ಹೊರಕ್ಕೆ, ನಾಯಿಯಿಲ್ಲದ ಕಡೆಗೆ ಬೀಳಿ, ಹುಟ್ಟನ್ನು ದೇಹದಿಂದ ದೂರ ಹಿಡಿಯಿರಿ.

ಲಕ್ಷಣ: ಮುಂತುದಿ ಮುಳುಗುತ್ತದೆ, ಅಥವಾ ಬೋರ್ಡ್ ಒಂದೇ ಕಡೆಗೆ ವಾಲುತ್ತದೆ

ಬೋರ್ಡಿನ ನಡುವಿರುವ ಹಿಡಿಕೆ ಅದರ ಸಮತೋಲನದ ಬಿಂದುವಿಗೆ ಹತ್ತಿರವಿರುತ್ತದೆ. ನೀವಿಬ್ಬರೂ ಸೇರಿದ ಭಾರ ಅದರ ಮೇಲೆ ಬೀಳಬೇಕು. ನಾಯಿ ಮುಂದೆ ಕುಳಿತರೆ ನೀವು ಅರ್ಧ ಹೆಜ್ಜೆ ಹಿಂದಕ್ಕೆ ಸರಿಯಿರಿ. ಹಿಂತುದಿ ನೀರೆಳೆಯತೊಡಗಿದರೆ ಮುಂದೆ ಬನ್ನಿ. ದೊಡ್ಡ ನಾಯಿ ನಿಮ್ಮ ಪಾದಗಳ ಎದುರಿಗೇ ಇರುವುದು ವಾಸಿ, ತುದಿಗೆ ಹೋದಷ್ಟೂ ಅದರ ಒಂದೊಂದು ಹೆಜ್ಜೆಯ ಪ್ರಭಾವ ಹೆಚ್ಚುತ್ತದೆ. ಪಕ್ಕಕ್ಕೆ ವಾಲಿದರೆ ನಾಯಿಯನ್ನು ತಳ್ಳದೆ, ಅದರ ಮೂಗನ್ನು ತಿನಿಸಿನಿಂದ ನಡುಗೆರೆಗೆ ತನ್ನಿ, ದೇಹ ಹಿಂಬಾಲಿಸುತ್ತದೆ.

ಲಕ್ಷಣ: ಸುಮ್ಮನಿರದೆ ಓಡಾಡುತ್ತದೆ, ಹಕ್ಕಿಗೆ ಹಾರುತ್ತದೆ, ಹುಟ್ಟನ್ನು ಕಚ್ಚುತ್ತದೆ

ಇದು ಹೆದರಿಕೆಯಲ್ಲ, ಉತ್ಸಾಹ. ನೀರಿಗಿಳಿಯುವ ಮುನ್ನ ಅರ್ಧ ಗಂಟೆ ನಡೆಸಿ ಕಸುವು ಇಳಿಸುವುದು ಅತ್ಯಂತ ಸುಲಭದ ಪರಿಹಾರ. ಅದು ಸಾಲದಿದ್ದರೆ ನೆಲಕ್ಕೆ ಮರಳಿ, ಬೋರ್ಡಿನ ಮೇಲೆ ಮಲಗಿರುವಾಗ ಅದರ ಮುಂದೆ ಚೆಂಡು ಉರುಳಿಸಿ, ಹುಟ್ಟನ್ನು ಅದರ ತಲೆಯ ಮೇಲಿಂದ ಈ ಕಡೆಯಿಂದ ಆ ಕಡೆಗೆ ದಾಟಿಸಿ, ಅಲುಗದಿದ್ದರೆ ಮಾತ್ರ ತಿನಿಸು ಕೊಡಿ. ಒಪ್ಪಿಗೆಯಿಲ್ಲದೆ ಹಾರಿದ ನಾಯಿಗೆ ನೀರಿನಲ್ಲಿ ಆಟ ಸಿಕ್ಕರೆ ಅದು ಹಾರುವುದನ್ನೇ ಕಲಿಯುತ್ತದೆ. ಮೌನವಾಗಿ ಎತ್ತಿ, ಮಲಗಿಸಿ, ಮುಂದೆ ಸಾಗಿ. ಇಳಿಯುವ ಪದ ಹೇಳಿ ಆಗಾಗ ನೀವೇ ಈಜಲು ಬಿಟ್ಟರೆ ಕದ್ದು ಹಾರುವ ಆಸೆ ತಾನಾಗಿ ಕಡಿಮೆಯಾಗುತ್ತದೆ.

ಹುಟ್ಟಿನಿಂದ ಚಿಮ್ಮುವ ನೀರನ್ನು ಕಚ್ಚುವ ಚಟವನ್ನು ಮಾತ್ರ ಆಟವೆಂದು ನೋಡಬೇಡಿ. ಅದರ ಅಪಾಯವನ್ನು ಕೆಳಗೆ ಹೇಳಿದ್ದೇನೆ.

ಲಕ್ಷಣ: ಜೊಲ್ಲು, ಏದುಸಿರು, ಆಕಳಿಕೆ

ಒಂದೇ ಲಕ್ಷಣಕ್ಕೆ ಇಲ್ಲಿ ಮೂರು ಕಾರಣಗಳಿವೆ. ಮೂರನ್ನೂ ಬೇರ್ಪಡಿಸದೆ ತರಬೇತಿ ಮುಂದುವರಿಸಬಾರದು.

ಹೆದರಿದ ನಾಯಿ ತುಟಿ ನೆಕ್ಕುತ್ತದೆ, ಕಾರಣವಿಲ್ಲದೆ ಆಕಳಿಸುತ್ತದೆ, ಬಾಲ ಮುದುರುತ್ತದೆ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ. ಅದಕ್ಕೆ ಅತಿ ಪ್ರಿಯವಾದ ತಿನಿಸನ್ನು ಮೂಗಿನೆದುರು ಹಿಡಿಯಿರಿ. ದಡದಲ್ಲಿ ಕಸಿದುಕೊಳ್ಳುವ ನಾಯಿ ಬೋರ್ಡಿನ ಮೇಲೆ ಮುಖ ತಿರುಗಿಸಿದರೆ ಭಯ ಮಿತಿ ಮೀರಿದೆ. ದಡಕ್ಕೆ ಮರಳಿ, ಮರುದಿನ ಎರಡು ಹಂತ ಹಿಂದಿನಿಂದ ಆರಂಭಿಸಿ. ಕಲ್ಲಿನಂತೆ ಅಲುಗದೆ ಕುಳಿತ ನಾಯಿಯನ್ನು ಶಾಂತವೆಂದು ತಪ್ಪು ತಿಳಿಯುವವರಿದ್ದಾರೆ. ಶಾಂತ ನಾಯಿ ಸುತ್ತ ನೋಡುತ್ತದೆ, ಮೈ ಸಡಿಲವಾಗಿರುತ್ತದೆ. ಹೆಪ್ಪುಗಟ್ಟಿದ ನಾಯಿ ಎರಡನ್ನೂ ಮಾಡುವುದಿಲ್ಲ.

ಅಲೆಯ ತುಯ್ದಾಟಕ್ಕೆ ಹೊಟ್ಟೆ ತೊಳಸುವ ನಾಯಿ ಧಾರಾಕಾರವಾಗಿ ಜೊಲ್ಲು ಸುರಿಸಿ, ಮತ್ತೆ ಮತ್ತೆ ನುಂಗಿ, ಕೊನೆಗೆ ವಾಂತಿ ಮಾಡುತ್ತದೆ. ಕಾರಿನಲ್ಲೂ ಹೀಗಾಗುವ ನಾಯಿಯಾದರೆ ಅನುಮಾನ ಬಲವಾಗುತ್ತದೆ. ತುಂಬಿದ ಹೊಟ್ಟೆಯಲ್ಲಿ ಒಯ್ಯದಿರುವುದು ಮತ್ತು ಅಲೆಯಿಲ್ಲದ ಬೆಳಗಿನ ನೀರನ್ನು ಆರಿಸಿಕೊಳ್ಳುವುದು ಮೊದಲ ಉಪಾಯ. ಔಷಧವನ್ನು ಪಶುವೈದ್ಯರೇ ಹೇಳಬೇಕು.

ಮೂರನೆಯದು ಬಿಸಿಲಿನ ಆಘಾತ, ಇದು ತುರ್ತುಸ್ಥಿತಿ. ನೀರಿನ ಮಧ್ಯದಲ್ಲಿದ್ದೂ ನಾಯಿ ಕಾಯುತ್ತದೆ, ಏಕೆಂದರೆ ಬಿಸಿಲು ನೀರಿನಿಂದಲೂ ಪ್ರತಿಫಲಿಸುತ್ತದೆ, ನೆರಳು ಎಲ್ಲೂ ಇರುವುದಿಲ್ಲ. ನಾಯಿಯ ಸಹಜ ತಾಪ 38ರಿಂದ 39.2 ಡಿಗ್ರಿ ಸೆಲ್ಸಿಯಸ್. ಬಿಡುವಿಲ್ಲದ ಜೋರು ಏದುಸಿರು, ಕಡುಗೆಂಪು ವಸಡು, ಅಂಟಾದ ಜೊಲ್ಲು, ತೂರಾಟ ಕಂಡರೆ ಒಡನೆ ಮೈಗೆಲ್ಲ ತಣ್ಣೀರು ಹಾಕಿ, ಗಾಳಿಯಾಡಲು ಬಿಡಿ, ಮತ್ತು ತಂಪುಮಾಡುತ್ತಲೇ ಪಶುವೈದ್ಯರಲ್ಲಿಗೆ ಒಯ್ಯಿರಿ. ಮೋಟು ಮೂತಿಯ ನಾಯಿಗಳಲ್ಲಿ ಇದು ಬಹು ಬೇಗ ಉಲ್ಬಣಿಸುತ್ತದೆ.

ಲಕ್ಷಣ: ಬಿದ್ದ ನಾಯಿಗೆ ಮತ್ತೆ ಹತ್ತಲಾಗುವುದಿಲ್ಲ

ನಾಯಿ ಬಳಿ ಬರುವಾಗ ಹುಟ್ಟು ಹಾಕುವುದನ್ನು ನಿಲ್ಲಿಸಿ, ಮಂಡಿಯೂರಿ. ಹಿಂತುದಿಯ ಕೆಳಗೆ ಫಿನ್ ಇರುವುದರಿಂದ ನಾಯಿಯನ್ನು ನಡುವಿನ ಹಿಡಿಕೆಯ ಪಕ್ಕಕ್ಕೆ ಕರೆಯಿರಿ. ಅದರ ಮುಂಗಾಲು ಅಂಚಿಗೆ ಬಂದಾಗ ಜಾಕೆಟಿನ ಹಿಡಿಕೆಯನ್ನು ಹಿಡಿದು, ನಿಮ್ಮ ಭಾರವನ್ನು ಎದುರು ಅಂಚಿಗೆ ಹಾಕಿ, ಮೇಲಕ್ಕೆತ್ತುವ ಬದಲು ನಿಮ್ಮತ್ತ ಜಾರಿಸಿ ಎಳೆಯಿರಿ. ಮುಂಗಾಲುಗಳನ್ನಾಗಲಿ ಕೊರಳಪಟ್ಟಿಯನ್ನಾಗಲಿ ಹಿಡಿದು ಎಳೆಯಬಾರದು. ನಾಯಿ ನಿಮಗೆ ಎತ್ತಲಾಗದಷ್ಟು ಭಾರವಾಗಿದ್ದರೆ ನೀವೂ ನೀರಿಗಿಳಿದು, ಅದರ ಮುಂಗಾಲು ಅಂಚಿನ ಮೇಲಿರುವಾಗ ಹಿಂಭಾಗವನ್ನು ಕೆಳಗಿನಿಂದ ನೂಕಿ. ಇದನ್ನು ಎದೆಮಟ್ಟದ ನೀರಿನಲ್ಲಿ ಬೇಕೆಂದೇ ಹತ್ತಾರು ಸಲ ಅಭ್ಯಾಸ ಮಾಡಿ. ಆಳಕ್ಕೆ ಹೋಗುವ ಅರ್ಹತೆಗೆ ನಾನು ಇಟ್ಟುಕೊಂಡಿರುವ ಅಳತೆ ಇದೊಂದೇ.

ಲಕ್ಷಣ: ದಡಕ್ಕೆ ಬಂದ ಮೇಲೆ ನಾಯಿ ಸರಿಯಿಲ್ಲ

ವಾಂತಿ, ಉಬ್ಬಿದ ಹೊಟ್ಟೆ, ತೂರಾಟ, ಮಂಕು ಕಣ್ಣು, ಬಿಳಿಚಿದ ವಸಡು ಕಂಡರೆ ನಾಯಿ ಅತಿಯಾಗಿ ಸಿಹಿನೀರು ನುಂಗಿರಬಹುದು. ರಕ್ತದ ಸೋಡಿಯಂ ಕುಸಿದು ಮಿದುಳು ಊದಿಕೊಳ್ಳುವ ಈ ಸ್ಥಿತಿ ಕೆಲವೇ ಗಂಟೆಗಳಲ್ಲಿ ಪ್ರಾಣಾಂತಕವಾಗಬಲ್ಲದು. ಚಿಮ್ಮುವ ನೀರನ್ನು ಕಚ್ಚುವ ನಾಯಿಗಳಿಗೆ ಇದರ ಅಪಾಯ ಹೆಚ್ಚು. ಸಮುದ್ರದ ನೀರು ಕುಡಿದರೆ ಸೋಡಿಯಂ ಏರಿ ವಾಂತಿ, ಭೇದಿ, ನಡುಕ, ಸೆಳೆತ ಬರುತ್ತವೆ. ಬಣ್ಣ ಚೆಲ್ಲಿದಂತೆ ಹಸಿರು ಕೆನೆಗಟ್ಟಿದ ನೀರಿನಲ್ಲಿ ನೀಲಿ-ಹಸಿರು ಪಾಚಿಯ ವಿಷವಿರಬಹುದು. ಅಂಥ ನೀರಿಗೆ ಇಳಿಯಲೇಬೇಡಿ, ತಿಳಿಯದೆ ಇಳಿದಿದ್ದರೆ ನಾಯಿ ಮೈ ನೆಕ್ಕುವ ಮೊದಲೇ ಶುದ್ಧ ನೀರಿನಿಂದ ತೊಳೆಯಿರಿ. ಈ ಮೂರರಲ್ಲಿ ಯಾವುದರ ಅನುಮಾನ ಬಂದರೂ ಮನೆಯಲ್ಲಿ ಕಾದು ನೋಡದೆ ನೇರವಾಗಿ ಆಸ್ಪತ್ರೆಗೆ ಹೋಗಿ. ನೀರು ಶ್ವಾಸಕೋಶಕ್ಕೆ ಹೋಗಿದ್ದರೆ ಕೆಮ್ಮು ಮತ್ತು ಉಸಿರಾಟದ ಕಷ್ಟ ಹಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದಾದ್ದರಿಂದ, ಮುಳುಗಿ ಎದ್ದ ನಾಯಿಯನ್ನು ಮರುದಿನದವರೆಗೂ ಗಮನಿಸುತ್ತಿರಿ.

ಬಾಲ ಬುಡದಿಂದಲೇ ಜೋತುಬಿದ್ದು ಮುಟ್ಟಿದರೆ ನೋಯುತ್ತಿದ್ದರೆ ಅದು ಈಜಿನಿಂದ ಸ್ನಾಯು ಸೋತಿರುವ ಗುರುತು. ಸಾಮಾನ್ಯವಾಗಿ ಕೆಲವು ದಿನಗಳ ವಿಶ್ರಾಂತಿಯಲ್ಲಿ ಸರಿಹೋಗುತ್ತದೆ. ತಲೆ ಕೊಡವುವುದು, ಕಿವಿಯ ದುರ್ವಾಸನೆ ಸೋಂಕನ್ನು ತೋರಿಸುತ್ತವೆ. ಪ್ರತಿ ಸಲ ನೀರಿನಿಂದ ಬಂದ ಮೇಲೆ ಕಿವಿಯನ್ನು ಒಣಬಟ್ಟೆಯಿಂದ ಒರೆಸಿ.

ಲಕ್ಷಣ: ಮೊದಲು ಒಪ್ಪುತ್ತಿದ್ದ ನಾಯಿ ಈಗ ಒಪ್ಪುತ್ತಿಲ್ಲ

ಕಳೆದ ಸಲ ಏನಾಯಿತೆಂದು ನೆನಪಿಸಿಕೊಳ್ಳಿ: ಬಿದ್ದಿತೇ, ದೋಣಿಯ ಅಲೆ ಬಡಿಯಿತೇ, ಹಾಸು ಸುಟ್ಟಿತೇ? ಕಾರಣ ಗೊತ್ತಾದರೆ ಮತ್ತೆ ಹುಲ್ಲಿನ ಮೇಲಿನ ಪಾಠಕ್ಕೆ ಮರಳಿ. ಎರಡನೆಯ ಸಲ ಕಲಿಯುವುದು ಬೇಗ. ಜಾಕೆಟ್ ಬಿಚ್ಚಿ ಕಂಕುಳನ್ನು ನೋಡಿ, ಪಟ್ಟಿ ಉಜ್ಜಿ ಗಾಯವಾಗಿರಬಹುದು. ಪಂಜದ ಮೆತ್ತೆಗಳ ನಡುವೆ ಬಿರುಕು ಅಥವಾ ಮುಳ್ಳು ಇದೆಯೇ ನೋಡಿ.

ಏನೂ ಕಾಣದಿದ್ದರೆ, ಅದರಲ್ಲೂ ನಾಯಿಗೆ ಏಳೆಂಟು ವರ್ಷ ದಾಟಿದ್ದರೆ, ಪಶುವೈದ್ಯರಿಂದ ಕೀಲುಗಳನ್ನೂ ಕಣ್ಣನ್ನೂ ಪರೀಕ್ಷೆ ಮಾಡಿಸಿ. ಅಲುಗುವ ಬೋರ್ಡಿನ ಮೇಲೆ ನಿಲ್ಲಲು ಸೊಂಟದ ಸಣ್ಣ ಸ್ನಾಯುಗಳೆಲ್ಲ ದುಡಿಯಬೇಕು, ಹೀಗಾಗಿ ನೆಲದ ಮೇಲೆ ಕುಂಟುವುದಕ್ಕೂ ಮೊದಲೇ ನೋವು ಇಲ್ಲಿ ಕಾಣಿಸಿಕೊಳ್ಳುತ್ತದೆ. ನನ್ನ ನಾಯಿ ಒಂಬತ್ತನೆಯ ವರ್ಷದಲ್ಲಿ ಬೋರ್ಡಿನ ಅಂಚಿಗೆ ಬಂದು, ಮುಂಗಾಲು ಇಟ್ಟು, ಹಿಂದೆ ಸರಿದು ನನ್ನನ್ನು ನೋಡತೊಡಗಿತು. ಎಕ್ಸ್‌ರೇಯಲ್ಲಿ ಸೊಂಟದ ಕೀಲು ಸವೆದಿರುವುದು ತಿಳಿಯಿತು. ಈಗ ಅದನ್ನು ಹಾರಲು ಬಿಡುವುದಿಲ್ಲ. ಬೋರ್ಡನ್ನು ಮೊಣಕಾಲಿಗಿಂತ ತುಸು ಹೆಚ್ಚು ಆಳದ ನೀರಿನಲ್ಲಿ ನಿಲ್ಲಿಸಿ, ಎರಡೂ ಕೈಯಿಂದ ಹೊಟ್ಟೆಗೆ ಆಸರೆ ಕೊಟ್ಟು ಹತ್ತಿಸುತ್ತೇನೆ, ದಪ್ಪ ಮ್ಯಾಟಿನ ಮೇಲೆ ಮಲಗಿಸುತ್ತೇನೆ, ಹತ್ತು ನಿಮಿಷದಲ್ಲಿ ಮರಳುತ್ತೇನೆ. ಅದು ಮೈ ತಿರುಗಿಸಿದ ದಿನ ಬೋರ್ಡನ್ನು ಮಡಚಿಟ್ಟು ದಡದಲ್ಲೇ ನಡೆದುಬರುತ್ತೇವೆ.